ಹತ್ತು ದಿನದ ಷೇರು ಆರು ತಿಂಗಳದ್ದಾದ ವಾರ

ಆ ಸೋಮವಾರ ಬೆಳಿಗ್ಗೆ ನನ್ನ ಹತ್ತಿರ ಐದು ಷೇರುಗಳಿದ್ದವು. ಐದನ್ನೂ ಏರುತ್ತವೆ ಅಂತ ನಂಬಿ ಕೊಂಡಿದ್ದೆ. ಬಂಡವಾಳದ ಶೇ 72ರಷ್ಟು ಹಣ ಅವುಗಳಲ್ಲೇ ಇತ್ತು. ಮೂರು ತಿಂಗಳಿಂದ ಸೂಚ್ಯಂಕ ತನ್ನ 50 ದಿನದ ಸರಾಸರಿಯ ಮೇಲೆಯೇ ಇತ್ತು. ಏನು ಕೊಂಡರೂ ಎರಡು ಮೂರು ದಿನದಲ್ಲಿ ಲಾಭ ಕಾಣುತ್ತಿತ್ತು. ಅಂಥ ದಿನಗಳಲ್ಲಿ ಅದು ಮಾರುಕಟ್ಟೆಯ ಏರು ಅನ್ನಿಸುವುದಿಲ್ಲ, ನನ್ನ ಜಾಣತನ ಅನ್ನಿಸುತ್ತದೆ.

ನನ್ನದು ಸ್ವಿಂಗ್ ಟ್ರೇಡಿಂಗ್. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವನಲ್ಲ. ವರ್ಷಗಟ್ಟಲೆ ಇಟ್ಟುಕೊಳ್ಳುವ ಹಣವೂ ಇದಲ್ಲ, ಅದು ಬೇರೆ ಖಾತೆಯಲ್ಲಿದೆ. ಒಂದು ಷೇರು ಕೆಲವು ವಾರಗಳಿಂದ ಒಂದೇ ಬೆಲೆಯ ಹತ್ತಿರ ತಡೆದು ನಿಂತಿರುತ್ತದೆ. ಒಂದು ದಿನ ಜಾಸ್ತಿ ವಾಲ್ಯೂಮ್‌ನಲ್ಲಿ, ಅಂದರೆ ಹೆಚ್ಚು ಷೇರು ಕೈಬದಲಾಗಿ, ಆ ಬೆಲೆಯನ್ನು ದಾಟಿ ದಿನದ ಕೊನೆಗೆ ಮುಚ್ಚುತ್ತದೆ. ಆಗ ಕೊಳ್ಳುತ್ತೇನೆ. ಹತ್ತರಿಂದ ಹದಿನೈದು ದಿನದ ವ್ಯವಹಾರದಲ್ಲಿ ಹೊರಗೆ ಬರುತ್ತೇನೆ. ಒಂದು ಟ್ರೇಡ್ ತಪ್ಪಾದರೆ ಬಂಡವಾಳದ ಶೇ 1ಕ್ಕಿಂತ ಜಾಸ್ತಿ ಹೋಗಬಾರದು ಅಂತ ನಿಯಮ ಇಟ್ಟುಕೊಂಡಿದ್ದೆ.

ಪ್ರತಿ ಟ್ರೇಡಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಅದರಲ್ಲಿ ನಾಲ್ಕು ಸಾಲು. ಏಕೆ ಕೊಂಡೆ, ಯಾವ ಬೆಲೆಗೆ ಬಂದರೆ ನನ್ನದು ತಪ್ಪು, ಎಲ್ಲಿ ಮಾರುತ್ತೇನೆ, ಎಷ್ಟು ದಿನ. ನೀಲಿ ಪೆನ್ನಿನಲ್ಲಿ, ಕೊಳ್ಳುವ ಮೊದಲೇ ಬರೆಯುತ್ತೇನೆ. ಈ ಬರಹ ಮುಖ್ಯವಾಗಿ ಆ ನೋಟ್‌ಬುಕ್ಕಿನ ಬಗ್ಗೆಯೇ. ಯಾಕೆಂದರೆ ಆ ವಾರ ಏನಾಯಿತು ಅನ್ನುವುದು ನನ್ನ ನೆನಪಿಗಿಂತ ಅದರಲ್ಲೇ ಸರಿಯಾಗಿದೆ.

ಲೆಕ್ಕ ಸುಲಭವಾಗಲಿ ಅಂತ ಐದೂ ಷೇರುಗಳನ್ನು 100ಕ್ಕೆ ಕೊಂಡಿದ್ದೆ ಅಂತಲೇ ಹೇಳುತ್ತಾ ಹೋಗುತ್ತೇನೆ. ಮೊದಲನೆಯದಕ್ಕೆ ಸ್ಟಾಪ್ ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಮಾರು ಅನ್ನುವ ಆದೇಶ, 94ರಲ್ಲಿ. ಎರಡನೆಯದಕ್ಕೆ 95ರಲ್ಲಿ. ಮೂರು ಮತ್ತು ನಾಲ್ಕಕ್ಕೆ 92. ಐದನೆಯದು ಹಳೆಯದು, ಆಗಲೇ 114ಕ್ಕೆ ಹೋಗಿತ್ತು.

ಸೋಮವಾರ ಸೂಚ್ಯಂಕ ಶೇ 1.4ರಷ್ಟು ಇಳಿಯಿತು. ಐದೂ ಕೆಂಪಾದವು. ನನಗೇನೂ ಅನ್ನಿಸಲಿಲ್ಲ. ಏರುವ ಮಾರುಕಟ್ಟೆ ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳುತ್ತದೆ, ಇದೂ ಹಾಗೇ ಅಂದುಕೊಂಡೆ. ಆ ಮಾತು ತಪ್ಪಲ್ಲ. ಹತ್ತರಲ್ಲಿ ಏಳೆಂಟು ಸಲ ಅದು ಹಾಗೇ ಆಗಿರುತ್ತದೆ. ಅದಕ್ಕೇ ಉಳಿದ ಎರಡು ಮೂರು ಸಲ ನಾವು ತಡವಾಗಿ ಎಚ್ಚರಗೊಳ್ಳುತ್ತೇವೆ.

ಮಂಗಳವಾರ ಮಾರುಕಟ್ಟೆ ಗ್ಯಾಪ್ ಡೌನ್ ಆಗಿ, ಅಂದರೆ ಹಿಂದಿನ ದಿನದ ಮುಕ್ತಾಯಕ್ಕಿಂತ ಒಮ್ಮೆಲೇ ಕೆಳಗೆ, ತೆರೆಯಿತು. ಮೊದಲನೆಯ ಷೇರು ಹಿಂದಿನ ದಿನ 96ರ ಹತ್ತಿರ ಮುಚ್ಚಿತ್ತು. ತೆರೆದದ್ದೇ 91ರಲ್ಲಿ. 94ರಲ್ಲಿ ಇಟ್ಟಿದ್ದ ಸ್ಟಾಪ್ ಆರ್ಡರ್ ಜೀವ ಪಡೆದು ಮಾರ್ಕೆಟ್ ಆರ್ಡರ್ ಆಯಿತು, 91ಕ್ಕೆ ಮಾರಾಟವಾಯಿತು. 94 ಮತ್ತು 91ರ ನಡುವೆ ಒಂದೂ ವ್ಯವಹಾರ ನಡೆದಿರಲಿಲ್ಲ. ಬಂಡವಾಳದ ಆರನೇ ಒಂದು ಭಾಗ ಅದರಲ್ಲಿ ಹಾಕಿದ್ದೆ. ಶೇ 1 ಹೋಗಬೇಕಿದ್ದ ಕಡೆ ಶೇ 1.5 ಹೋಯಿತು.

ಸ್ಟಾಪ್ ಲಾಸ್ ಅಂದರೆ ಆ ಬೆಲೆಗೆ ಮಾರಾಟ ಗ್ಯಾರಂಟಿ ಅಂತ ತುಂಬಾ ಜನ ತಿಳಿದಿರುತ್ತಾರೆ. ಅದು ಗ್ಯಾರಂಟಿ ಅಲ್ಲ. ಆ ಬೆಲೆ ಮುಟ್ಟಿದ ಮೇಲೆ, ಆಗ ಸಿಕ್ಕ ಬೆಲೆಗೆ ಮಾರು ಅನ್ನುವ ಆದೇಶ ಅಷ್ಟೆ. 2010ರ ಮೇ 6ರಂದು ಅಮೆರಿಕದ ಮಾರುಕಟ್ಟೆ ಕೆಲವೇ ನಿಮಿಷಗಳಲ್ಲಿ ಕುಸಿದು ಮತ್ತೆ ಎದ್ದಾಗ, ಕೆಲವು ದೊಡ್ಡ ಕಂಪನಿಗಳ ಷೇರುಗಳೇ ಒಂದು ಸೆಂಟ್‌ಗೆ ಮಾರಾಟವಾಗಿದ್ದವು. ಅಂಥ ವಿಪರೀತ ಬೆಲೆಯ ವ್ಯವಹಾರಗಳನ್ನು ಆಮೇಲೆ ರದ್ದು ಮಾಡಿದರು. ಲಿಮಿಟ್ ಇರುವ, ಅಂದರೆ ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ, ಸ್ಟಾಪ್ ಆರ್ಡರ್ ಹಾಕಿದರೆ ತೀರಾ ಕೆಟ್ಟ ಬೆಲೆಗೆ ಮಾರಾಟವಾಗುವುದು ತಪ್ಪುತ್ತದೆ, ನಿಜ. ಆದರೆ ಬೆಲೆ ಲಿಮಿಟ್‌ಗಿಂತ ಕೆಳಗೆ ಹಾರಿಬಿಟ್ಟರೆ ಮಾರಾಟವೇ ಆಗುವುದಿಲ್ಲ, ಷೇರು ಕೈಯಲ್ಲೇ ಉಳಿಯುತ್ತದೆ. ನಾನು ಈಗಲೂ ಮಾರ್ಕೆಟ್ ಸ್ಟಾಪ್ ಅನ್ನೇ ಬಳಸುತ್ತೇನೆ. ಶೇ 0.5 ಜಾಸ್ತಿ ಹೋದರೂ ಹೊರಗೆ ಬಂದಿರುವುದು ನನಗೆ ಮುಖ್ಯ.

ಆ ನಷ್ಟದಿಂದ ಗಾಬರಿಯಾಯಿತು. ಗಾಬರಿಯಲ್ಲಿ ಐದನೆಯ ಷೇರನ್ನು ಮಾರಿದೆ. 114 ಇದ್ದದ್ದು 106ಕ್ಕೆ ಬಂದಿತ್ತು. ಇರುವ ಲಾಭವಾದರೂ ಉಳಿಯಲಿ ಅಂತ ಮಾರಿದೆ. ಬಂಡವಾಳದ ಹತ್ತನೇ ಒಂದು ಭಾಗ ಅದರಲ್ಲಿತ್ತು, ಹಾಗಾಗಿ ಶೇ 0.6ರಷ್ಟು ಲಾಭ ಬಂತು. ಮನಸ್ಸಿಗೆ ಸ್ವಲ್ಪ ಸಮಾಧಾನವೂ ಆಯಿತು. ಈ ಸಮಾಧಾನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಎರಡನೆಯ ಷೇರು. ನಿಜವಾದ ಕಥೆ ಇದರದ್ದೇ.

ಇದರಲ್ಲಿ ಬಂಡವಾಳದ ಶೇ 20 ಇತ್ತು. ಸ್ಟಾಪ್ 95, ಅಂದರೆ ಶೇ 1ರ ನಷ್ಟಕ್ಕೆ ಸರಿಯಾಗಿ ಹೊಂದುವ ಲೆಕ್ಕ. ಮಂಗಳವಾರ 95.6ರಲ್ಲಿ ಮುಚ್ಚಿತು. ಸ್ಟಾಪ್ ಮುಟ್ಟಲು ಕೂದಲೆಳೆಯಷ್ಟು ಬಾಕಿ. ರಾತ್ರಿ ಕೂತು ಸ್ಟಾಪ್ ಅನ್ನು 92ಕ್ಕೆ ಇಳಿಸಿದೆ. ಮಾರುಕಟ್ಟೆ ಜಾಸ್ತಿ ಕುಣಿಯುತ್ತಿದೆ, ಸ್ವಲ್ಪ ಜಾಗ ಬಿಡೋಣ ಅಂತ ನನಗೆ ನಾನೇ ಹೇಳಿಕೊಂಡೆ. ಬುಧವಾರ 93ಕ್ಕೆ ಬಂತು. ಕೊಂಡಿದ್ದಷ್ಟೇ ಷೇರುಗಳನ್ನು ಮತ್ತೆ ಕೊಂಡು ಆವರೇಜ್ ಮಾಡಿದೆ. ಸರಾಸರಿ ಬೆಲೆ 96.5ಕ್ಕೆ ಇಳಿಯಿತು. ಪರದೆಯ ಮೇಲೆ ಆ ಸಂಖ್ಯೆ ಕೆಳಗೆ ಬಂದದ್ದು ನೋಡಿದಾಗ ಏನೋ ಗೆದ್ದ ಹಾಗೆ ಅನ್ನಿಸಿತು. ನಿಜಕ್ಕೂ ಆಗಿದ್ದೇನು? ತಪ್ಪಾಗಿರುವ ಒಂದು ಟ್ರೇಡಿನ ಗಾತ್ರವನ್ನು ಎರಡು ಪಟ್ಟು ಮಾಡಿದ್ದೆ. ಗುರುವಾರ 92 ಹತ್ತಿರ ಬಂದಾಗ ಸ್ಟಾಪ್ ಆರ್ಡರನ್ನೇ ತೆಗೆದುಹಾಕಿದೆ. ಅದೇ ದಿನ ಮೂರನೆಯ ಷೇರು ತನ್ನ 92ರ ಸ್ಟಾಪ್ ಮುಟ್ಟಿ ಶೇ 1ರ ನಷ್ಟದಲ್ಲಿ ಹೋಯಿತು. ಅದನ್ನು ನಾನು ಗಮನಿಸಲೂ ಇಲ್ಲ. ಕಣ್ಣೆಲ್ಲ ಎರಡನೆಯದರ ಮೇಲೇ ಇತ್ತು.

ಶುಕ್ರವಾರ ಸಂಜೆ ಅಕ್ಕ ಫೋನ್ ಮಾಡಿದಳು. ಅವಳು ಟ್ರೇಡ್ ಮಾಡುವುದಿಲ್ಲ. ಆದರೆ ನಾನು ಏನು ಕೊಂಡೆ ಅಂತ ಆಗಾಗ ಹೇಳುತ್ತಿರುತ್ತೇನೆ, ಅವಳು ನೆನಪಿಟ್ಟುಕೊಂಡಿರುತ್ತಾಳೆ.

"ಆ ಷೇರು ಏನಾಯ್ತೋ?"

"ಸ್ವಲ್ಪ ಇಳಿದಿದೆ ಅಕ್ಕ. ಕಂಪನಿ ಒಳ್ಳೇದು. ಇನ್ನಾರು ತಿಂಗಳು ಇಟ್ಟುಕೊಂಡರೆ ಚೆನ್ನಾಗಿ ಏರುತ್ತೆ."

"ಹತ್ತು ದಿನದ್ದು ಅಂದಿದ್ದೆ ಅಲ್ವಾ?"

ಅವಳು ಟೀಕೆ ಮಾಡಲಿಲ್ಲ. ಅವಳಿಗೆ ನೆನಪಿದ್ದದ್ದು ಅದು, ಕೇಳಿದಳು ಅಷ್ಟೆ. ನನಗೆ ಉತ್ತರ ಹೊಳೆಯಲಿಲ್ಲ.

ಶನಿವಾರ ಮಾರುಕಟ್ಟೆ ಇಲ್ಲ. ಚಾರ್ಟ್ ತೆರೆಯದೆ ನೋಟ್‌ಬುಕ್ ಮಾತ್ರ ತೆಗೆದುಕೊಂಡು ಕೂತೆ. ಎರಡನೆಯ ಷೇರಿನ ಪುಟ ತೆರೆದೆ. ಮೇಲೆ ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು. "ಏಳು ವಾರದ ತಡೆ ದಾಟಿದೆ, ವಾಲ್ಯೂಮ್ ಜಾಸ್ತಿ. ತಪ್ಪಾಗುವ ಬೆಲೆ 95. ಮಾರುವ ಬೆಲೆ 112. ಹತ್ತು ದಿನ." ಅದರ ಕೆಳಗೆ ಪೆನ್ಸಿಲ್‌ನಲ್ಲಿ, ವಾಲಿದ ಅಕ್ಷರದಲ್ಲಿ, ಮೂರು ಸಾಲು ಸೇರಿಕೊಂಡಿತ್ತು. ಮಂಗಳವಾರ ರಾತ್ರಿಯದು: "ಮಾರುಕಟ್ಟೆ ಕುಣಿತ ಜಾಸ್ತಿ, 92." ಬುಧವಾರದ್ದು: "ಕಂಪನಿಯ ಸಾಲ ಕಡಿಮೆ. ಈ ಬೆಲೆಗೆ ಅಗ್ಗ." ಗುರುವಾರದ್ದು: "ಮುಂದಿನ ತ್ರೈಮಾಸಿಕ ಫಲಿತಾಂಶದವರೆಗೆ ನೋಡೋಣ."

ಮೂರೂ ಸಾಲು ಒಂದೇ ದಿಕ್ಕಿಗೆ ಎಳೆಯುತ್ತಿದ್ದವು. ಮೂರನ್ನೂ ಬರೆದದ್ದು ಬೆಲೆ ಇಳಿದ ಮೇಲೆ. ಕಂಪನಿಯ ಸಾಲ ಕಡಿಮೆ ಅನ್ನುವುದು ನಿಜವೇ. ಆದರೆ ಕೊಳ್ಳುವಾಗ ಅದನ್ನು ನಾನು ನೋಡಿಯೇ ಇರಲಿಲ್ಲ. ಹತ್ತು ದಿನದ ಟ್ರೇಡಿಗೆ ಅದು ಬೇಕಾಗಿಯೂ ಇರಲಿಲ್ಲ. ಕೊಂಡ ಕಾರಣ ಬುಧವಾರವೇ ಸತ್ತಿತ್ತು. ಷೇರು ತಾನು ದಾಟಿ ಬಂದ ತಡೆಯ ಕೆಳಗೆ ವಾಪಸ್ ಹೋಗಿ ಮುಚ್ಚಿತ್ತು. ಆ ಸತ್ತ ಕಾರಣದ ಜಾಗಕ್ಕೆ ನಾನು ದಿನಕ್ಕೊಂದು ಹೊಸ ಕಾರಣ ತಂದು ಕೂರಿಸುತ್ತಿದ್ದೆ.

ಮಾರುಕಟ್ಟೆ ತಿರುಗಿದಾಗ ನೋಟ ಬದಲಾಯಿಸಿಕೊಳ್ಳಿ, ಹಟ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾನು ಬದಲಾಯಿಸಿಕೊಳ್ಳುತ್ತಲೇ ಇದ್ದೆನಲ್ಲ! ಸ್ಟಾಪ್ ಬದಲಾಯಿಸಿದೆ, ದಿನ ಬದಲಾಯಿಸಿದೆ, ಕಾರಣ ಬದಲಾಯಿಸಿದೆ. ಬದಲಾಗದೆ ಉಳಿದದ್ದು ಒಂದೇ, ಷೇರು ಕೈಯಲ್ಲಿರುವುದು. ಎರಡು ರೀತಿಯ ಬದಲಾವಣೆ ಇದೆ ಅಂತ ಆ ಶನಿವಾರ ನನಗೆ ಅರ್ಥವಾಯಿತು. ಬೆಲೆ ಹೇಳಿದ್ದನ್ನು ಕೇಳಿ ನಾವು ಮಾಡುವ ಕೆಲಸವನ್ನು ಬದಲಾಯಿಸುವುದು ಒಂದು. ಮಾಡುವ ಕೆಲಸವನ್ನು ಬದಲಾಯಿಸದೇ ಇರಲಿಕ್ಕಾಗಿ ಕಾರಣವನ್ನು ಬದಲಾಯಿಸುವುದು ಇನ್ನೊಂದು. ಒಳಗಿನಿಂದ ಎರಡೂ ಒಂದೇ ಥರ ಇರುತ್ತವೆ. ಎರಡರಲ್ಲೂ ನಾವು ಯೋಚನೆ ಮಾಡುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ. ನೀಲಿ ಶಾಯಿ ಮತ್ತು ಪೆನ್ಸಿಲ್ ಪಕ್ಕಪಕ್ಕ ಇರದಿದ್ದರೆ ನನಗೆ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಮಂಗಳವಾರ ಐದನೆಯ ಷೇರು ಮಾರಿದಾಗ ಸಿಕ್ಕ ಸಮಾಧಾನವೂ ಆಗಲೇ ಅರ್ಥವಾದದ್ದು. ಲಾಭದಲ್ಲಿರುವುದನ್ನು ಬೇಗ ಮಾರಿ ನಷ್ಟದಲ್ಲಿರುವುದನ್ನು ಹಿಡಿದುಕೊಳ್ಳುವ ಸ್ವಭಾವಕ್ಕೆ ಶೆಫ್ರಿನ್ ಮತ್ತು ಸ್ಟಾಟ್‌ಮನ್ ಅನ್ನುವ ಇಬ್ಬರು ಸಂಶೋಧಕರು 1985ರಲ್ಲೇ ಹೆಸರಿಟ್ಟಿದ್ದಾರೆ. 1998ರಲ್ಲಿ ಟೆರೆನ್ಸ್ ಒಡಿಯನ್ ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಜಾಲಾಡಿ ನೋಡಿದರು. ಮಾರಬಹುದಾಗಿದ್ದ ಲಾಭಗಳಲ್ಲಿ ಶೇ 14.8ರಷ್ಟನ್ನು ಜನ ಮಾರಿದ್ದರು, ನಷ್ಟಗಳಲ್ಲಿ ಶೇ 9.8ರಷ್ಟನ್ನು ಮಾತ್ರ. ಇನ್ನೂ ನೋವಿನ ಸಂಗತಿ ಎಂದರೆ, ಹಾಗೆ ಮಾರಿಬಿಟ್ಟ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಹಿಡಿದುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಜಾಸ್ತಿ ಗಳಿಕೆ ಕೊಟ್ಟಿದ್ದವು. ನನ್ನ ಐದನೆಯ ಷೇರು ಆ ವಾರದಲ್ಲಿ ಕಡಿಮೆ ಪೆಟ್ಟು ತಿಂದದ್ದು. ಮಂಗಳವಾರದ ನಂತರ ಅದು 105ರ ಕೆಳಗೆ ಹೋಗಲೇ ಇಲ್ಲ. ಸೂಚ್ಯಂಕ ಬೀಳುತ್ತಿದ್ದಾಗಲೂ ನಿಂತದ್ದನ್ನು ಮಾರಿದೆ, ಬೀಳುತ್ತಿದ್ದದ್ದನ್ನು ಮತ್ತಷ್ಟು ಕೊಂಡೆ.

ಭಾನುವಾರ ಚಾರ್ಟ್ ತೆರೆದೆ. ಆದರೆ ನನ್ನ ಷೇರುಗಳದ್ದಲ್ಲ. ನಾನು ಸದಾ ಗಮನಿಸುವ 40 ಷೇರುಗಳ ಪಟ್ಟಿ ಇದೆ. ಅದರಲ್ಲಿ ಇತ್ತೀಚೆಗೆ ಬ್ರೇಕೌಟ್ ಆದ, ಅಂದರೆ ತಡೆ ದಾಟಿದ, ಹತ್ತು ಷೇರುಗಳನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದೆ. ಮೂರು ದಿನದ ನಂತರವೂ ಆ ತಡೆಯ ಮೇಲೇ ನಿಂತಿವೆಯಾ? ಹತ್ತರಲ್ಲಿ ಏಳು ಕೆಳಗೆ ಬಿದ್ದಿದ್ದವು. ಹಿಂದಿನ ತಿಂಗಳ ಹತ್ತನ್ನು ತೆಗೆದುಕೊಂಡು ನೋಡಿದೆ. ಬಿದ್ದದ್ದು ಮೂರು ಮಾತ್ರ.

ಈ ಎಣಿಕೆ ಹತ್ತು ನಿಮಿಷದ ಕೆಲಸ. ನನಗೆ ಇದು ಎಲ್ಲಾ ಇಂಡಿಕೇಟರ್‌ಗಳಿಗಿಂತ ಜಾಸ್ತಿ ಹೇಳಿತು. ಬೆಲೆ ವಿರುದ್ಧ ಹೋದಾಗ ಕಾರಣ ಮೂರು ಇರಬಹುದು. ಸುಮ್ನೆ ದಿನದ ಏರಿಳಿತ ಇರಬಹುದು. ನಾನು ಆರಿಸಿದ ಷೇರು ತಪ್ಪಿರಬಹುದು. ಇಲ್ಲಾ, ನಾನು ಮಾಡುವ ವಿಧಾನಕ್ಕೆ ಕೂಡಿಬರುವ ಕಾಲವೇ ಮುಗಿದಿರಬಹುದು. ಮೊದಲನೆಯದಾದರೆ ಸ್ಟಾಪ್ ತನಕ ಸುಮ್ನಿರಬೇಕು. ಎರಡನೆಯದಾದರೆ ಆ ಷೇರು ಬಿಟ್ಟು ಬೇರೆಯದು ನೋಡಬೇಕು. ಮೂರನೆಯದಾದರೆ ಬೇರೆ ಷೇರು ಹುಡುಕಿಯೂ ಪ್ರಯೋಜನವಿಲ್ಲ. ನಾನು ಇಡೀ ವಾರ ಮೊದಲನೆಯದೇ ಅಂದುಕೊಂಡು ಕೂತಿದ್ದೆ, ಆಗಿದ್ದು ಮೂರನೆಯದು. ಬೇರೆ ಬೇರೆ ಕ್ಷೇತ್ರದ ಐದು ಷೇರು ಇಟ್ಟುಕೊಂಡಿದ್ದೇನೆ, ಅಪಾಯ ಹಂಚಿಹೋಗಿದೆ ಅನ್ನುವ ಧೈರ್ಯವೂ ಅಲ್ಲೇ ಕರಗಿತು. ದೊಡ್ಡ ಇಳಿತದಲ್ಲಿ ಎಲ್ಲವೂ ಒಟ್ಟಿಗೇ ಇಳಿಯುತ್ತವೆ. ತಲಾ ಶೇ 1 ಅಂದುಕೊಂಡದ್ದು ನಿಜದಲ್ಲಿ ಶೇ 5ರ ಒಂದೇ ಪಣ.

ಇನ್ನೊಂದು ಲೆಕ್ಕವನ್ನೂ ಅವತ್ತೇ ಹಾಕಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಷೇರು ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತದೆ ಅಂತ ಅಳೆಯಲು ಎಟಿಆರ್ ಅಂತ ಒಂದು ಅಳತೆ ಇದೆ. ವೆಲ್ಲೆಸ್ ವೈಲ್ಡರ್ 1978ರಲ್ಲಿ ಕೊಟ್ಟದ್ದು. ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಯ ಅಂತರ, ಹಿಂದಿನ ದಿನದ ಮುಕ್ತಾಯದಿಂದ ಇಂದಿನ ಗರಿಷ್ಠಕ್ಕಿರುವ ಅಂತರ, ಅದೇ ಮುಕ್ತಾಯದಿಂದ ಇಂದಿನ ಕನಿಷ್ಠಕ್ಕಿರುವ ಅಂತರ, ಈ ಮೂರರಲ್ಲಿ ಯಾವುದು ದೊಡ್ಡದೋ ಅದನ್ನು ಹಿಡಿಯುತ್ತಾರೆ. ಸಾಮಾನ್ಯವಾಗಿ 14 ದಿನದ ಸರಾಸರಿ. ಹಿಂದಿನ ಮುಕ್ತಾಯವೂ ಲೆಕ್ಕಕ್ಕೆ ಬರುವುದರಿಂದ ಗ್ಯಾಪ್ ಕೂಡ ಇದರಲ್ಲಿ ಸೇರುತ್ತದೆ.

ಎರಡನೆಯ ಷೇರು ಕೊಂಡಾಗ ಅದರ ಎಟಿಆರ್ 2 ಇತ್ತು. ಸ್ಟಾಪ್ 5 ದೂರ, ಅಂದರೆ ಎರಡೂವರೆ ದಿನದ ಓಡಾಟದಷ್ಟು. ಒಂದೇ ವಾರದಲ್ಲಿ ಎಟಿಆರ್ 3 ಆಗಿತ್ತು. ಈಗ ಅದೇ ಎರಡೂವರೆ ದಿನದ ಜಾಗ ಬಿಡಬೇಕೆಂದರೆ ಸ್ಟಾಪ್ 7.5 ದೂರ ಇರಬೇಕು. ಮಂಗಳವಾರ ರಾತ್ರಿ ನಾನು ಇಟ್ಟದ್ದು 8 ದೂರ. ಅಂದರೆ ದೂರದ ಅಂದಾಜು ತಪ್ಪಾಗಿರಲಿಲ್ಲ!

ತಪ್ಪಾದದ್ದು ಕ್ವಾಂಟಿಟಿಯಲ್ಲಿ. 8 ದೂರದ ಸ್ಟಾಪ್, ಶೇ 1ರ ಮಿತಿ ಅಂದರೆ ಆ ಷೇರಿನಲ್ಲಿ ಬಂಡವಾಳದ ಶೇ 12.5 ಮಾತ್ರ ಇರಬಹುದು. ನನ್ನದು ಶೇ 20 ಇತ್ತು. ಸ್ಟಾಪ್ ಇಳಿಸುವ ಮೊದಲು ಎಂಟರಲ್ಲಿ ಮೂರು ಪಾಲು ಷೇರು ಮಾರಬೇಕಿತ್ತು. ನಾನು ಮಾರುವ ಬದಲು ಅಷ್ಟೇ ಷೇರು ಮತ್ತೆ ಕೊಂಡೆ. ಜಾಗ ಜಾಸ್ತಿ ಬೇಕಾದಾಗ ಗಾತ್ರ ಕಡಿಮೆಯಾಗಬೇಕು. ಇದು ಎಷ್ಟು ಸರಳ ಗುಣಾಕಾರ ಅಂದರೆ, ಶನಿವಾರದ ಮೊದಲು ಯಾರಾದರೂ ಕೇಳಿದ್ದರೆ ನಾನೇ ವಿವರಿಸಿ ಹೇಳುತ್ತಿದ್ದೆ. ನಷ್ಟದಲ್ಲಿ ಕೂತಿರುವಾಗ ಗುಣಾಕಾರ ಮರೆಯುವುದಿಲ್ಲ, ಆದರೆ ಮಾಡಲು ಮನಸ್ಸು ಬರುವುದಿಲ್ಲ.

ಸೋಮವಾರ ತೆರೆದ ಅರ್ಧ ಗಂಟೆಯೊಳಗೆ ಎರಡನೆಯದನ್ನು ಪೂರ್ತಿ ಮಾರಿದೆ. 88 ಸಿಕ್ಕಿತು. ಮೊದಲು ಕೊಂಡದ್ದರಲ್ಲಿ 12, ಆವರೇಜ್ ಮಾಡಿದ್ದರಲ್ಲಿ 5. ಬಂಡವಾಳದಲ್ಲಿ ಒಟ್ಟು ಶೇ 3.4 ಹೋಯಿತು. ನೀಲಿ ಶಾಯಿಯ ಮಾತು ಕೇಳಿದ್ದರೆ ಶೇ 1ರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ನಾಲ್ಕನೆಯದು 97ರಲ್ಲಿತ್ತು. ಸ್ಟಾಪ್ 92 ಇನ್ನೂ ದೂರ. ಆದರೆ ಶುಕ್ರವಾರ ಅದು ತನ್ನ ಬ್ರೇಕೌಟ್ ಬೆಲೆಯ ಕೆಳಗೆ ಮುಚ್ಚಿತ್ತು. ಏಕೆ ಕೊಂಡೆ ಅನ್ನುವ ಸಾಲು ಸುಳ್ಳಾಗಿತ್ತು. ಅದನ್ನೂ ಮಾರಿದೆ, ಶೇ 0.4ರಷ್ಟು ನಷ್ಟ. ಆ ವಾರದಲ್ಲಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದು. ಸ್ಟಾಪ್ ಅನ್ನುವುದು ಕೊನೆಯ ಗೋಡೆ. ಕಾರಣ ಮುಗಿದಿದ್ದರೆ ಗೋಡೆ ತನಕ ಹೋಗಿ ಡಿಕ್ಕಿ ಹೊಡೆಯಬೇಕಾಗಿಲ್ಲ.

ಎಲ್ಲ ಸೇರಿ ಶೇ 5.7 ಕಳೆದಿದ್ದೆ. ಕೈಯಲ್ಲಿ ಒಂದೂ ಷೇರಿರಲಿಲ್ಲ. ಮೊದಲ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇಲ್ಲಿಗೆ ಮುಗಿಯಬೇಕಿತ್ತು, ಆದರೆ ಬುಧವಾರ ಇನ್ನೊಂದು ತಪ್ಪು ಮಾಡಿದೆ. ಮಾರುಕಟ್ಟೆ ಇಳಿಮುಖ ಅಂತ ಒಪ್ಪಿಕೊಂಡಾಯಿತಲ್ಲ, ಹಾಗಾದರೆ ಶಾರ್ಟ್ ಮಾಡೋಣ, ಅಂದರೆ ಮೊದಲು ಮಾರಿ ಇಳಿದ ಮೇಲೆ ಕೊಳ್ಳೋಣ, ಅಂತ ಹೊರಟೆ. ಚಾರ್ಟಿನಲ್ಲಿ ಮೂರು ದಿನ ಸತತವಾಗಿ ದೊಡ್ಡ ಕೆಂಪು ಕ್ಯಾಂಡಲ್, ಅಂದರೆ ಇಳಿದ ದಿನದ ಗುರುತು, ಬಿದ್ದಿದ್ದವು. ಮೂರನೆಯದರ ತಳದಲ್ಲಿ ಸೂಚ್ಯಂಕದ ಫ್ಯೂಚರ್ (ಮುಂದಿನ ದಿನಾಂಕದ ಒಪ್ಪಂದ) ಶಾರ್ಟ್ ಮಾಡಿದೆ, ಬಂಡವಾಳದ ಐದನೇ ಒಂದು ಭಾಗದಷ್ಟು. ಮಾರನೇ ದಿನ ಸೂಚ್ಯಂಕ ಶೇ 2.6ರಷ್ಟು ಮೇಲೆ ಜಿಗಿಯಿತು. ಶೇ 0.5 ಹೋಯಿತು. ಒಟ್ಟು ಶೇ 6.2. ಅದನ್ನು ತುಂಬಿಕೊಳ್ಳಲು ಉಳಿದ ಹಣದ ಮೇಲೆ ಶೇ 6.6 ಗಳಿಸಬೇಕು. ಇಳಿತ ದೊಡ್ಡದಾದಷ್ಟೂ ಈ ಅಂತರ ಹಿಗ್ಗುತ್ತದೆ. ಶೇ 20 ಹೋದರೆ ಶೇ 25 ಬೇಕು, ಶೇ 50 ಹೋದರೆ ಶೇ 100.

ಇಳಿಯುವ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಏರು ದಿನಗಳೂ ಬರುತ್ತವೆ ಅನ್ನುವುದು ನನಗೆ ಗೊತ್ತಿತ್ತು. 2020ರ ಮಾರ್ಚ್ 12ರಂದು ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಶೇ 9.5ರಷ್ಟು ಬಿತ್ತು. ಮರುದಿನ ಶೇ 9.3ರಷ್ಟು ಏರಿತು. ಅದರ ನಂತರದ ಸೋಮವಾರ ಶೇ 12ರಷ್ಟು ಬಿತ್ತು. ಅಂಥ ದಿನಗಳಲ್ಲಿ ದಿಕ್ಕು ಸರಿಯಾಗಿ ಊಹಿಸಿದವರೂ ದಿನ ತಪ್ಪಿ ಹಣ ಕಳೆದುಕೊಂಡರು. ಏರುತ್ತದೆ ಅನ್ನುವ ನಂಬಿಕೆ ಬಿಟ್ಟ ತಕ್ಷಣ ಇಳಿಯುತ್ತದೆ ಅನ್ನುವ ನಂಬಿಕೆ ಹಿಡಿಯಬೇಕಾಗಿಲ್ಲ. ನಡುವೆ "ನನಗೆ ಈಗ ಕೆಲಸವಿಲ್ಲ" ಅನ್ನುವ ಜಾಗವೊಂದಿದೆ. ಅಲ್ಲಿ ಕೂರುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕಳೆದದ್ದನ್ನು ಬೇಗ ವಾಪಸ್ ತರಬೇಕು ಅನ್ನುವ ತುರಿಕೆ ಬಿಡುವುದಿಲ್ಲ. ಒಡಿಯನ್ ಅವರೇ ಬ್ರಾಡ್ ಬಾರ್ಬರ್ ಜೊತೆ 2000ದಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದರು. 1991ರಿಂದ 1996ರವರೆಗೆ 66,465 ಮನೆಗಳ ಖಾತೆಗಳು. ತುಂಬಾ ಜಾಸ್ತಿ ಟ್ರೇಡ್ ಮಾಡಿದವರು ವರ್ಷಕ್ಕೆ ಶೇ 11.4 ಗಳಿಸಿದ್ದರು, ಅದೇ ಕಾಲದಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ 17.9. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಂಡೆ.

ಮುಂದಿನ ಆರು ವಾರ ನಾನು ಮಾಡಿದ್ದು ಕಡಿಮೆ. ಒಂದು ಟ್ರೇಡಿನ ಅಪಾಯವನ್ನು ಶೇ 1ರಿಂದ ಅರ್ಧಕ್ಕೆ ಇಳಿಸಿದೆ. ಒಂದೇ ಸಲಕ್ಕೆ ಎರಡಕ್ಕಿಂತ ಜಾಸ್ತಿ ಷೇರು ಬೇಡ ಅಂದುಕೊಂಡೆ. ಬ್ರೇಕೌಟ್ ಕೊಳ್ಳುವುದನ್ನು ಪೂರ್ತಿ ನಿಲ್ಲಿಸಿದೆ. ಸೂಚ್ಯಂಕ ಬೀಳುವಾಗಲೂ ನಿಂತಿರುವ ಷೇರು ತನ್ನ ಸಪೋರ್ಟ್‌ಗೆ, ಅಂದರೆ ಹಿಂದೆ ಇಳಿತ ನಿಂತಿದ್ದ ಬೆಲೆಗೆ, ಬಂದು ಎದ್ದರೆ ಮಾತ್ರ ಕೊಳ್ಳುತ್ತಿದ್ದೆ. ಹತ್ತು ದಿನದ ನೋಟವನ್ನು ಮೂರರಿಂದ ಐದು ದಿನಕ್ಕೆ ಇಳಿಸಿದೆ. ಇಳಿಮುಖದಲ್ಲಿ ಬರುವ ಏರು ಜೋರಾಗಿರುತ್ತದೆ, ಆದರೆ ಆಯಸ್ಸು ಕಡಿಮೆ. ಮೊದಲ ವಾರ ನಾನು ಮಾಡಿದ್ದಕ್ಕೆ ಇದು ಸರಿಯಾಗಿ ಉಲ್ಟಾ ಅನ್ನುವುದನ್ನು ಗಮನಿಸಿ. ಆಗ ಬೆಲೆ ವಿರುದ್ಧ ಹೋದಂತೆ ದಿನಗಳನ್ನು ಹಿಗ್ಗಿಸಿದ್ದೆ. ಮಾರುಕಟ್ಟೆ ಕೇಳುತ್ತಿದ್ದದ್ದು ಕುಗ್ಗಿಸಲು.

ಆ ಆರು ವಾರದಲ್ಲಿ ಒಟ್ಟು ನಾಲ್ಕು ಟ್ರೇಡ್. ಎರಡು ಲಾಭ, ಎರಡು ನಷ್ಟ. ಖಾತೆ ಇದ್ದಲ್ಲೇ ಇತ್ತು. ಭಾನುವಾರದ ಎಣಿಕೆ ಮಾತ್ರ ಒಂದು ವಾರವೂ ಬಿಡಲಿಲ್ಲ.

ಆರನೆಯ ವಾರ ಸೂಚ್ಯಂಕ ಹಳೆಯ ತಳವನ್ನು ಮುರಿದು ಹೊಸ ತಳಕ್ಕೆ ಹೋಯಿತು. ಸುದ್ದಿಯೆಲ್ಲ ಕೆಟ್ಟದಾಗಿತ್ತು. ನನ್ನ ಪಟ್ಟಿ ಬೇರೆಯೇ ಹೇಳುತ್ತಿತ್ತು. ಮೊದಲ ತಳದ ದಿನ 40ರಲ್ಲಿ 23 ಷೇರುಗಳು ತಮ್ಮ ಹೊಸ ಕನಿಷ್ಠ ಬೆಲೆ ಕಂಡಿದ್ದವು. ಎರಡನೆಯ ತಳದಲ್ಲಿ 9 ಮಾತ್ರ. ದಿನದ ಓಡಾಟವೂ ಕಿರಿದಾಗುತ್ತಾ ಬಂದಿತ್ತು. ಆಗಲೂ ಏರಲು ಶುರುವಾಯಿತು ಅಂತ ನಂಬಲಿಲ್ಲ. ಶೇ 0.25ರ ಅಪಾಯಕ್ಕೆ ಒಂದು ಬ್ರೇಕೌಟ್ ಕೊಂಡೆ, ಕೇಳಿ ನೋಡುವ ಹಾಗೆ. ಎರಡೇ ದಿನದಲ್ಲಿ ಬಿತ್ತು. ಮುಂದಿನ ವಾರ ಇನ್ನೊಂದು, ಅದೂ ಬಿತ್ತು. ಎರಡೂ ಸೇರಿ ಶೇ 0.5. ಮಾರುಕಟ್ಟೆಯನ್ನು ಪ್ರಶ್ನೆ ಕೇಳಲು ಕೊಟ್ಟ ಶುಲ್ಕ ಅಂತ ಅಂದುಕೊಂಡೆ. ಮೂರನೆಯದು ನಿಂತಿತು. ಆ ಭಾನುವಾರದ ಎಣಿಕೆಯಲ್ಲಿ ಹೊಸ ಬ್ರೇಕೌಟ್ ನಾಲ್ಕೇ ಇದ್ದವು, ನಾಲ್ಕರಲ್ಲಿ ಮೂರು ನಿಂತಿದ್ದವು.

ಅದರ ಮುಂದಿನ ವಾರ ಐದನೆಯ ಷೇರು, ನಾನು 106ಕ್ಕೆ ಮಾರಿದ್ದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಹಳೆಯ ತಡೆ ದಾಟಿತು. ಬೆಲೆ 111. ಮಾರಿದ್ದಕ್ಕಿಂತ 5 ಜಾಸ್ತಿ ಕೊಟ್ಟು ಕೊಳ್ಳಬೇಕು. ಕೈ ಬರಲಿಲ್ಲ. 106ಕ್ಕೆ ವಾಪಸ್ ಬಂದರೆ ಕೊಳ್ಳೋಣ ಅಂತ ಒಂದು ದಿನ ಪೂರ್ತಿ ಕಾದೆ. ಆಮೇಲೆ ಹೊಳೆಯಿತು. 106 ಅನ್ನುವುದು ನನಗೆ ಮಾತ್ರ ಗೊತ್ತಿರುವ ಸಂಖ್ಯೆ. ಆ ಷೇರಿಗೆ ಅದು ಗೊತ್ತಿಲ್ಲ. ನಾನು ಮೊದಲೇ ಮಾರಿರದಿದ್ದರೆ, ಅವತ್ತೇ ಮೊದಲ ಸಲ ಆ ಚಾರ್ಟ್ ನೋಡುತ್ತಿದ್ದರೆ, ಹಿಂದೆ ಮುಂದೆ ನೋಡದೆ ಕೊಳ್ಳುತ್ತಿದ್ದೆ.

ಹೊಸ ಪುಟ ತೆರೆದು ನೀಲಿ ಪೆನ್ನಿನಲ್ಲಿ ಬರೆದೆ. "ಹಳೆಯ ತಡೆ ದಾಟಿದೆ. ಸೂಚ್ಯಂಕ ಬೀಳುವಾಗ ಬೀಳಲಿಲ್ಲ. ತಪ್ಪಾಗುವ ಬೆಲೆ 104. ಮಾರುವ ಬೆಲೆ 125. ಹತ್ತು ದಿನ." ಸ್ಟಾಪ್ 7 ದೂರ, ಅಪಾಯ ಶೇ 0.5, ಹಾಗಾಗಿ ಬಂಡವಾಳದ ಶೇ 8ರಷ್ಟು ಮಾತ್ರ. ಆ ನಾಲ್ಕು ಸಾಲಿನ ಕೆಳಗೆ ಈಗ ಒಂದು ಐದನೆಯ ಸಾಲು ಸೇರಿಸಿದ್ದೇನೆ. "ಬದಲಾಯಿಸಿದರೆ: ಏನು, ಯಾವಾಗ, ಷೇರು ಕಡಿಮೆ ಮಾಡಿದೆನಾ ಜಾಸ್ತಿ ಮಾಡಿದೆನಾ." ಆಮೇಲೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಹತ್ತು ದಿನದ್ದು ಒಂದು ತಗೊಂಡಿದ್ದೀನಿ, ನೆನಪಿಟ್ಟುಕೋ ಅಂತ.